ಚಿಕ್ಕಪ್ಪನನ್ನು ಕರೆಸು ಅಂದರಲ್ಲ

ಪ್ರಶ್ನೆ: ಅಪ್ಪನಿಗೆ 68 ವರ್ಷ. ತೆಂಗಿನ ತೋಟ ನೋಡಿಕೊಂಡಿದ್ದವರು. ಶ್ವಾಸಕೋಶದ ಕ್ಯಾನ್ಸರ್, ಮೂಳೆಗೂ ಹಬ್ಬಿದೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದಾರೆ. ಕೈ ಮೀರಿದೆ ಎಂದು ಡಾಕ್ಟರ್ ಅಣ್ಣನಿಗೆ ಮಾತ್ರ ಹೇಳಿದರು. 'ಗೊತ್ತಾದರೆ ಅಪ್ಪ ಅವತ್ತೇ ಹೋಗಿಬಿಡ್ತಾರೆ' ಎಂದು ಅಣ್ಣ ನಮ್ಮೆಲ್ಲರ ಬಾಯಿ ಮುಚ್ಚಿಸಿದ್ದಾನೆ. ಕಫ ಕಟ್ಟಿದೆ ಅಂತ ಹೇಳುತ್ತಿದ್ದೇವೆ. ನೋವು ತಗ್ಗಿಸುವ ಮಾರ್ಫಿನ್ ಕೊಡಿಸಲೂ ಅವನು ಒಪ್ಪುತ್ತಿಲ್ಲ. ಐಸಿಯುನಲ್ಲಿ ಅಪ್ಪನ ಇಷ್ಟಲಿಂಗ ತೆಗೆಸಿದರು, ವಾರ್ಡಿಗೆ ಬಂದ ಮೇಲೂ ಅದು ಅಣ್ಣನ ಬ್ಯಾಗಿನಲ್ಲೇ ಇದೆ. ಮೊನ್ನೆ ಅಪ್ಪ, ಒಂಬತ್ತು ವರ್ಷದಿಂದ ಮಾತು ಬಿಟ್ಟಿರುವ ಚಿಕ್ಕಪ್ಪನನ್ನು ಕರೆಸು ಎಂದರು. ನಾನೇನು ಮಾಡಲಿ?
- ಹೆಸರು ಬೇಡ, ತಿಪಟೂರು

ಉತ್ತರ: ತಂಗೀ, ಕಫಕ್ಕೆ ಯಾರಾದರೂ ಮುನಿಸಿಕೊಂಡ ತಮ್ಮನನ್ನು ಕರೆಸುತ್ತಾರಾ? ಅಪ್ಪನಿಗೆ ಗೊತ್ತಾಗಿದೆ ಅಂತಲೇ ನನಗೆ ಅನ್ನಿಸುತ್ತದೆ.

ಕ್ಯಾನ್ಸರ್ ವಾರ್ಡಿನಲ್ಲಿ ಆಪ್ತಸಲಹೆಗಾರಳಾಗಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಆದರೂ ನನ್ನ ಅಮ್ಮನ ವಿಷಯದಲ್ಲಿ ನಿಮ್ಮಣ್ಣ ಮಾಡಿದ್ದನ್ನೇ ಮಾಡಿದೆ. ತಲೆ ಬಾಚುತ್ತಿದ್ದಾಗ 'ನಂಗೇನಾಗಿದೆಯೇ?' ಎಂದು ಕೇಳಿದರು. 'ಗ್ಯಾಸ್ಟ್ರಿಕ್ ಅಮ್ಮ' ಎಂದೆ. ಮತ್ತೆ ಕೇಳಲೇ ಇಲ್ಲ. ಅವರು ಹೋದ ಮೇಲೆ ರಾತ್ರಿ ಪಾಳಿಯ ನರ್ಸ್ ಹೇಳಿದರು: ಎಷ್ಟು ದಿನ ಇದೆ ಎಂದು ಅಮ್ಮ ಅವರನ್ನು ಕೇಳಿದ್ದರಂತೆ. 'ನಾನು ಕೇಳಿದೆ ಅಂತ ಮಗಳಿಗೆ ಹೇಳ್ಬೇಡ, ತಡ್ಕೊಳ್ಳಲ್ಲ' ಎಂದಿದ್ದರಂತೆ. ನಾನು ಅವರನ್ನು ಕಾಯುತ್ತಿದ್ದೆ, ಅವರು ನನ್ನನ್ನು ಕಾಯುತ್ತಿದ್ದರು. ಇಬ್ಬರೂ ಒಂಟಿಯಾದೆವು.

ಹಾಗಂತ ಹೋಗಿ ಎಲ್ಲವನ್ನೂ ಒಂದೇ ಸಲ ಹೇಳಬೇಡಿ. ಮೊದಲು ಅಣ್ಣನನ್ನು ಕೂರಿಸಿಕೊಂಡು ಮಾತಾಡಿ. ಅವನು ಕೆಟ್ಟವನಲ್ಲ, ಹೆದರಿದ್ದಾನೆ. ಆಮೇಲೆ ಅಪ್ಪನ ಹತ್ತಿರ ಕೂತು ಕೇಳಿ: 'ಅಪ್ಪಾ, ನಿಮಗೆ ಏನು ಅನ್ನಿಸ್ತಿದೆ?' ಕೇಳಿ ಸುಮ್ನೆ ಇರಿ. ಆ ಮೌನ ತುಂಬಾ ಕಷ್ಟ, ಆದರೂ ನೀವು ಮಾತು ತುಂಬಿಸಬೇಡಿ. ಅವರು ಕೇಳಿದಷ್ಟಕ್ಕೆ ಮಾತ್ರ ನಿಜ ಹೇಳಿ. 'ಅದೆಲ್ಲ ಬೇಡ ಬಿಡು' ಎಂದರೆ ಬಿಟ್ಟುಬಿಡಿ, ತಿಳಿಯದೆ ಇರುವುದೂ ಅವರ ಹಕ್ಕೇ. ಡಾಕ್ಟರ್ ಜೊತೆಗಿದ್ದರೆ ಒಳ್ಳೆಯದು.

ಇನ್ನು ಇಷ್ಟಲಿಂಗ. ನಿಮ್ಮ ಕಾಗದದಲ್ಲಿ ನನಗೆ ಜಾಸ್ತಿ ಸಂಕಟ ಕೊಟ್ಟಿದ್ದು ಇದೇ. ದಿನಾ ಲಿಂಗಪೂಜೆ ಮಾಡಿಯೇ ಊಟಕ್ಕೆ ಕೂತ ಮನುಷ್ಯನಿಗೆ ಅದು ಒಡವೆ ಅಲ್ಲ, ಅಲ್ವಾ? ಈಗ ವಾರ್ಡಿನಲ್ಲಿದ್ದಾರೆ, ಇನ್ನೇಕೆ ಬ್ಯಾಗಿನಲ್ಲಿ? ನರ್ಸ್ ಹತ್ತಿರ ಕೇಳಿ. ಲಿಂಗ ಇಡುವ ಕರಡಿಗೆ ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಬಹುದು. ಟ್ಯೂಬ್ ಅಡ್ಡ ಬಂದರೆ ಅಂಗೈಯಲ್ಲಿ ಇಡಿ. ಸ್ಕ್ಯಾನ್ ಇದ್ದಾಗ ತೆಗೆದು ಮತ್ತೆ ಹಾಕಿ. ವಿಭೂತಿ ಹಚ್ಚಿ, ಆದರೆ ಆಕ್ಸಿಜನ್ ಇರುವಲ್ಲಿ ಊದುಬತ್ತಿ, ದೀಪ ಬೇಡವೇ ಬೇಡ. ನುಂಗಲು ಕಷ್ಟವಾದರೆ ಪಾದೋದಕವನ್ನು, ಅಂದರೆ ಪೂಜೆಯ ತೀರ್ಥವನ್ನು, ಚಮಚದಲ್ಲಿ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಿದರೆ ಸಾಕು.

ಸಿಸಿಲಿ ಸಾಂಡರ್ಸ್ ಎಂಬಾಕೆ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಮೈಯ ನೋವು, ಮನಸ್ಸಿನ ನೋವು, ಮನೆಯವರ ಚಿಂತೆ, ದೇವರ ಮುಂದಿನ ಪ್ರಶ್ನೆ ಎಲ್ಲ ಸೇರಿ ಒಂದೇ ನೋವು ಎಂದು ಅವರು ಕಲಿಸಿದರು. ಮೂಳೆ ನೋವಿನಲ್ಲಿ ನರಳುವವರಿಗೆ ತಮ್ಮನ ಜೊತೆ ಮಾತಾಡಲು ಶಕ್ತಿ ಎಲ್ಲಿಂದ ಬರಬೇಕು? ಹಾಗಾಗಿ ಮಾರ್ಫಿನ್ ಬೇಡ ಎನ್ನಬೇಡಿ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಬೇಗ ತರುವುದಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಜೊತೆಗೇ ಕೊಡುತ್ತಾರೆ. ಈ ಔಷಧಿ ರೋಗಿಗಳಿಗೆ ಸುಲಭವಾಗಿ ಸಿಗಲಿ ಎಂದೇ 2014ರಲ್ಲಿ ಕಾನೂನು ತಿದ್ದಿದರು.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆಯ ವಿಭಾಗ ಆಸ್ಪತ್ರೆಯಲ್ಲಿ ಇದೆಯಾ ಎಂದು ಅಲ್ಲೇ ವಿಚಾರಿಸಿ. ಇಲ್ಲದಿದ್ದರೆ ಬೆಂಗಳೂರಿನ ಕರುಣಾಶ್ರಯವನ್ನು ಕೇಳಿ. 1999ರಿಂದ ಇಂಥ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ.

ಚಿಕ್ಕಪ್ಪನಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಒಂಬತ್ತು ವರ್ಷದ ಕಥೆ ಎತ್ತಬೇಡಿ, 'ಅಪ್ಪ ಕರೀತಿದ್ದಾರೆ' ಎನ್ನಿ, ಅಷ್ಟೇ. ಬಂದ ಮೇಲೆ ಮಂಚದ ಪಕ್ಕ ಒಂದು ಕುರ್ಚಿ ಹಾಕಿಕೊಡಿ. ನೀವೂ ಅಣ್ಣನೂ ಹೊರಗೆ ಕಾರಿಡಾರಿನಲ್ಲಿ ಕೂತಿರಿ.