ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಸಿಡಿ, ಡಿವಿಡಿಗಳಿಗೆ ಹೊಸ ಡ್ರೈವ್

ಪ್ರಶ್ನೆ: ಮದುವೆ, ಉಪನಯನ, ಗೃಹಪ್ರವೇಶದ ವಿಸಿಡಿ, ಡಿವಿಡಿಗಳು ಒಂದು ಪೆಟ್ಟಿಗೆ ತುಂಬ ಇವೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ಎಂಥ ಡ್ರೈವ್ ಕೊಳ್ಳಬೇಕು? ಬ್ಲೂ-ರೇ ಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬ್ಲೂ-ರೇ ಬೇಡ. ನಿಮ್ಮಲ್ಲಿರುವುದಕ್ಕೆಲ್ಲ ಸಾಮಾನ್ಯ ಯುಎಸ್‌ಬಿ ಡಿವಿಡಿ ರೈಟರ್ ಸಾಕು. ಅದು ಸಿಡಿ, ವಿಸಿಡಿಗಳನ್ನೂ ಓದುತ್ತದೆ. ಪೆಟ್ಟಿಗೆಯ ಮೇಲೆ ‘ಯುಎಸ್‌ಬಿ 3.0’ ಎಂದಿದ್ದರೆ ವೇಗ ಹೆಚ್ಚೆಂದು ತಿಳಿಯಬೇಡಿ. ಇಂಥ ಡ್ರೈವ್‌ಗಳು ಡಿವಿಡಿಯನ್ನು ಹೆಚ್ಚೆಂದರೆ 8ಎಕ್ಸ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 11 ಎಂಬಿಯಂತೆ ಓದುತ್ತವೆ. ಅಷ್ಟಕ್ಕೆ ಹಳೆಯ ಯುಎಸ್‌ಬಿ 2.0 ಧಾರಾಳವಾಯಿತು. ಕೊಳ್ಳುವಾಗ ನೋಡಬೇಕಾದದ್ದು ಕೇಬಲ್. ಅದು ಡ್ರೈವ್‌ಗೇ ಅಂಟಿಕೊಂಡಿರದೆ ಬಿಚ್ಚುವಂತಿರಲಿ, ಏಕೆಂದರೆ ಬುಡದಲ್ಲಿ ಕೇಬಲ್ ತುಂಡಾಯಿತೆಂದರೆ ಡ್ರೈವ್ ಮೂಲೆಗೆ. ಲ್ಯಾಪ್‌ಟಾಪ್‌ನಲ್ಲಿ ಟೈಪ್-ಸಿ ಮಾತ್ರ ಇದ್ದರೆ ಅದಕ್ಕೆ ಹೊಂದುವುದನ್ನೇ ಕೇಳಿ. ಹ್ಯಾಂಡಿಕ್ಯಾಮ್‌ನ 8 ಸೆಂಟಿಮೀಟರ್ ಅಗಲದ ಸಣ್ಣ ಡಿಸ್ಕ್‌ಗಳಿದ್ದರೆ ಟ್ರೇ ಹೊರಬರುವ ಮಾದರಿಯೇ ಬೇಕು. ಸೀಳಿನೊಳಗೆ ತಳ್ಳುವ ಮಾದರಿಗೆ ಅವನ್ನು ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತವೆ.

ಡ್ರೈವ್ ಬಂದ ಮೇಲೆ ನೋಡುತ್ತಾ ಕೂರುವ ಮೊದಲು ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಅದನ್ನು ಮುಂದೂಡಬೇಡಿ. ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕ್‌ಗಳಲ್ಲಿ ದಾಖಲೆ ನಿಂತಿರುವುದು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ, ತೇವಕ್ಕೆ ಅದು ಕೆಡುತ್ತಾ ಹೋಗುತ್ತದೆ. ಸಿಡಿ, ವಿಸಿಡಿಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಪ್ರತಿಫಲಿಸುವ ಪದರವೇ ಹೋಗಿದೆ. ಅಂಥವನ್ನು ಮೊದಲು ನಕಲು ಮಾಡಿ. ಸಿಡಿಯಲ್ಲಿ ಈ ಪದರ ಇರುವುದು ಲೇಬಲ್‌ನ ಅಡಿಯಲ್ಲೇ, ಹಾಗಾಗಿ ಮೇಲಿನ ಸ್ಟಿಕರ್ ಕೀಳಲು ಹೋಗಲೇಬೇಡಿ.

ಮನೆಯ ಸಮಾರಂಭದ ಡಿವಿಡಿಗೆ ಸಾಮಾನ್ಯವಾಗಿ ನಕಲು ತಡೆಯುವ ಬೀಗ ಇರುವುದಿಲ್ಲ. ವಿಡಿಯೊ_ಟಿಎಸ್ ಫೋಲ್ಡರನ್ನು ಹಾಗೆಯೇ ಎಳೆದು ಹಾಕಿಕೊಳ್ಳಬಹುದು. ವಿಡಿಯೊ 1 ಜಿಬಿಯ ತುಂಡುಗಳಾಗಿ ಇರುತ್ತದೆ. ಒಂದೇ ಫೈಲ್ ಬೇಕೆಂದರೆ ಮೇಕ್‌ಎಂಕೆವಿ ತಂತ್ರಾಂಶ ಗುಣಮಟ್ಟ ಕೆಡಿಸದೆ ಜೋಡಿಸಿಕೊಡುತ್ತದೆ. ವಿಂಡೋಸ್ 10, 11ರಲ್ಲಿ ಡಿವಿಡಿ ಸಿನಿಮಾ ಓಡಿಸುವ ವ್ಯವಸ್ಥೆ ಜೊತೆಗೆ ಬರುವುದಿಲ್ಲ, ವಿಡಿಯೊ ಓಡಿಸುವ ಉಚಿತ ತಂತ್ರಾಂಶ ವಿಎಲ್‌ಸಿ ಹಾಕಿಕೊಳ್ಳಿ.

ಪ್ರಶ್ನೆ: ಹೊಸ ಡ್ರೈವ್‌ನ ದೀಪ ಹತ್ತುತ್ತದೆ, ಡಿಸ್ಕ್ ತಿರುಗಲು ಶುರುವಾಗಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಕಂಪ್ಯೂಟರ್ ಪದೇ ಪದೇ ಸದ್ದು ಮಾಡುತ್ತದೆ. ಡ್ರೈವ್ ಹಾಳೇ?
– ಓದುಗರೊಬ್ಬರು, ಗದಗ

ಉತ್ತರ: ಮೊದಲು ಕರೆಂಟಿನ ಕೊರತೆ ಇರಬಹುದೇ ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, 3.0 ಆದರೆ 900. ನಿಂತ ಡಿಸ್ಕನ್ನು ತಿರುಗಿಸಲು ಶುರುಮಾಡುವ ಗಳಿಗೆಯಲ್ಲಿ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಸಾಲದಿದ್ದರೆ ಡ್ರೈವ್ ಸಂಪರ್ಕ ಕಡಿದು ಮತ್ತೆ ಸೇರಿಕೊಳ್ಳುತ್ತದೆ, ನೀವು ಕೇಳುತ್ತಿರುವ ಸದ್ದು ಅದರದ್ದೇ. ಒಂದು ಪೋರ್ಟಿಗೆ ಹಲವು ಸಾಧನ ಜೋಡಿಸುವ ಹಬ್ ನಡುವೆ ಇದ್ದರೆ ತೆಗೆಯಿರಿ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದೆ, ಮದರ್‌ಬೋರ್ಡಿನದ್ದಕ್ಕೇ ಚುಚ್ಚಿ. ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಬಿಟ್ಟು ಗಿಡ್ಡದನ್ನು ಬಳಸಿ. ಆಗಲೂ ಓಡದಿದ್ದರೆ ಎರಡು ಪೋರ್ಟ್‌ಗಳಿಂದ ಕರೆಂಟ್ ಎಳೆಯುವ ಎರಡು ಪಿನ್ನಿನ ವೈ ಕೇಬಲ್, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಹಬ್. ಇಷ್ಟೆಲ್ಲ ಆದ ಮೇಲೂ ಬೇರೆ ಕಂಪ್ಯೂಟರಿನಲ್ಲಿ, ಬೇರೆ ಡಿಸ್ಕ್ ಹಾಕಿದರೂ ಇದೇ ಪಾಡಾದರೆ ವಾರಂಟಿಯಲ್ಲಿ ವಾಪಸ್ ಕೊಡಿ.

ಪ್ರಶ್ನೆ: ವಿಸಿಡಿ ನಕಲು ಮಾಡುವಾಗ ಅರ್ಧಕ್ಕೆ ನಿಂತು ದೋಷ ತೋರಿಸುತ್ತದೆ. ಇಡೀ ಡಿಸ್ಕನ್ನು ಒಂದೇ ಐಎಸ್‌ಒ ಫೈಲ್ ಆಗಿ ಮಾಡಿದರೆ ಆ ಫೈಲ್ ಓಡುವುದೇ ಇಲ್ಲ. ಡಿವಿಡಿಗಳಿಗೆ ಈ ತೊಂದರೆ ಇಲ್ಲ.
– ಓದುಗರೊಬ್ಬರು, ಪುತ್ತೂರು

ಉತ್ತರ: ವಿಸಿಡಿಯ ರಚನೆಯೇ ಬೇರೆ. ದತ್ತಾಂಶದ ಸಿಡಿಯಲ್ಲಿ ಪ್ರತಿ ಸೆಕ್ಟರಿಗೆ, ಅಂದರೆ ಡಿಸ್ಕಿನ ಪ್ರತಿ ಸಣ್ಣ ತುಣುಕಿಗೆ, 2048 ಬೈಟ್ ಮಾಹಿತಿ, ಉಳಿದ ಜಾಗದಲ್ಲಿ ತಪ್ಪು ತಿದ್ದುವ ಸಂಕೇತ ಇರುತ್ತದೆ. ವಿಸಿಡಿಯಲ್ಲಿ ಹೆಚ್ಚು ವಿಡಿಯೊ ತುಂಬಲೆಂದು ಆ ತಿದ್ದುವ ಸಂಕೇತವನ್ನು ಬಿಟ್ಟು 2324 ಬೈಟ್ ವಿಡಿಯೊ ಹಾಕಿದ್ದಾರೆ. ಸಣ್ಣ ಗೀರಿಗೂ ನಕಲು ನಿಲ್ಲುವುದಕ್ಕೆ ಇದೇ ಕಾರಣ. ಐಎಸ್‌ಒ ಫೈಲ್ 2048ರ ಲೆಕ್ಕದ್ದು, ಅದರಲ್ಲಿ ವಿಸಿಡಿ ಹಿಡಿಯುವುದಿಲ್ಲ. ಇಮ್ಗ್‌ಬರ್ನ್‌ನಂಥ ತಂತ್ರಾಂಶದಲ್ಲಿ, ಸೆಕ್ಟರನ್ನು ಇಡಿಯಾಗಿ ಹಿಡಿಯುವ ಬಿನ್, ಅದರ ಜೊತೆಯ ಕ್ಯೂ ಫೈಲ್‌ಗಳಾಗಿ ತೆಗೆಯಿರಿ. ಎಂಪೆಗ್‌ಎವಿ ಫೋಲ್ಡರಿನ ಡ್ಯಾಟ್ ಫೈಲ್ ನಕಲಾಗಿ ಬಂದರೆ ಅದೂ ಸಾಕು, ವಿಎಲ್‌ಸಿಯಲ್ಲಿ ಓಡುತ್ತದೆ.

ಮತ್ತೆ ಪ್ರಯತ್ನಿಸುವ ಮೊದಲು ಡಿಸ್ಕ್ ತೊಳೆಯಿರಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಬೂಷ್ಟು ಕಟ್ಟಿರುವ ಸಾಧ್ಯತೆಯೂ ಉಂಟು. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ತೊಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ದಾಖಲೆಯ ಸಾಲಿನ ಉದ್ದಕ್ಕೂ ಹೋಗಿ ಒಂದೇ ಕಡೆ ಬಹಳಷ್ಟನ್ನು ಅಳಿಸುತ್ತದೆ, ಅಡ್ಡ ಗೀರಾದರೆ ಡ್ರೈವ್ ಸಂಭಾಳಿಸಿಕೊಳ್ಳುತ್ತದೆ. ಆಮೇಲೂ ಓದದಿದ್ದರೆ ಅದೇ ಡಿಸ್ಕನ್ನು ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಲೇಸರ್ ಕೈಬಿಟ್ಟದ್ದನ್ನು ಇನ್ನೊಂದು ಓದುವುದುಂಟು.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ನ ಡಿವಿಡಿ ಡ್ರೈವ್ ಬಿಚ್ಚಿ ಯುಎಸ್‌ಬಿಗೆ ಜೋಡಿಸಬಹುದೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಆಗುತ್ತದೆ. ಸಾಟಾ ಕನೆಕ್ಟರ್ ಇರುವ ಲ್ಯಾಪ್‌ಟಾಪಿನ ತೆಳು (ಸ್ಲಿಮ್) ಡ್ರೈವ್‌ಗೆ ಯುಎಸ್‌ಬಿ ಕೇಸ್ ಸಿಗುತ್ತದೆ. ಮೊದಲು ಡ್ರೈವ್‌ನ ದಪ್ಪ ಅಳೆಯಿರಿ, 12.7 ಮಿಲಿಮೀಟರಿನದ್ದು 9.5ರ ಕೇಸಿನೊಳಗೆ ಹೋಗುವುದಿಲ್ಲ. ತುಂಬ ಹಳೆಯದಾದರೆ ಸಾಟಾಕ್ಕಿಂತ ಹಿಂದಿನ ಐಡಿಇ ಕನೆಕ್ಟರ್ ಇರಬಹುದು, ಅದಕ್ಕೆ ಸಾಟಾ ಕೇಸ್ ಆಗದು. ಡೆಸ್ಕ್‌ಟಾಪ್‌ನ ದೊಡ್ಡ ಡ್ರೈವ್ ಆದರೆ 12 ವೋಲ್ಟ್ ಕೂಡ ಬೇಕು, ಯುಎಸ್‌ಬಿಯಿಂದ ಬರುವುದು 5 ವೋಲ್ಟ್. ಪ್ರತ್ಯೇಕ ಅಡಾಪ್ಟರ್ ಇರುವ ಕನ್ವರ್ಟರನ್ನೇ ಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಭಾವಗೀತೆಯ ಸಿಡಿಯಿಂದ ಹಾಡು ನಕಲು ಮಾಡಿದೆ. ಎಲ್ಲ ಫೈಲ್‌ಗಳೂ 1 ಕೆಬಿ ಇವೆ, ಹಾಡುತ್ತಿಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ನಿಮಗೆ ಬಂದಿರುವುದು ಸಿಡಿಎ ಫೈಲ್‌ಗಳು. ಹಾಡು ಡಿಸ್ಕಿನಲ್ಲಿ ಎಲ್ಲಿದೆ ಎಂಬ ಗುರುತಷ್ಟೇ ಅದರಲ್ಲಿರುತ್ತದೆ. ಎಕ್ಸಾಕ್ಟ್ ಆಡಿಯೊ ಕಾಪಿ ತಂತ್ರಾಂಶದಲ್ಲಿ ‘ರಿಪ್’ ಮಾಡಿ, ಅಂದರೆ ಹಾಡನ್ನು ಫೈಲ್ ಆಗಿ ತೆಗೆದು, ಗುಣಮಟ್ಟ ಕೆಡಿಸದ ಫ್ಲ್ಯಾಕ್ ರೂಪದಲ್ಲಿ ಉಳಿಸಿಕೊಳ್ಳಿ, ದನಿ ಸಿಡಿಯಲ್ಲಿದ್ದಂತೆಯೇ ಬರುತ್ತದೆ. ಮೊಬೈಲಿಗೆ ಎಂಪಿ3 ಬೇಕಾದರೆ ಆಮೇಲೆ ಅದರಿಂದ ಮಾಡಿಕೊಳ್ಳಬಹುದು.

ಪ್ರಶ್ನೆ: ಹ್ಯಾಂಡಿಕ್ಯಾಮ್‌ನ ಸಣ್ಣ ಡಿವಿಡಿ ಹಾಕಿದರೆ ‘ಖಾಲಿ ಇದೆ, ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ.
– ಓದುಗರೊಬ್ಬರು, ಕಾರವಾರ

ಉತ್ತರ: ಬೇಡ ಎನ್ನಿ, ಕೂಡಲೇ ಡಿಸ್ಕ್ ಹೊರತೆಗೆಯಿರಿ. ಚಿತ್ರೀಕರಣ ಮುಗಿದ ಮೇಲೆ ಅದನ್ನು ‘ಫೈನಲೈಸ್’ ಮಾಡದೆ, ಅಂದರೆ ಬೇರೆ ಡ್ರೈವ್‌ಗಳೂ ಓದುವಂತೆ ಡಿಸ್ಕನ್ನು ಮುಗಿಸದೆ, ಬಿಟ್ಟಿರಬಹುದು. ಆ ಕ್ಯಾಮೆರಾ ಇನ್ನೂ ಇದ್ದರೆ ಬ್ಯಾಟರಿಯನ್ನು ನಂಬದೆ ಚಾರ್ಜರ್‌ಗೆ ಹಾಕಿ, ಮೆನುವಿನಲ್ಲಿ ಫೈನಲೈಸ್ ಒತ್ತಿ, ಮುಗಿಯುವವರೆಗೆ ಅಲುಗಿಸಬೇಡಿ. ಕ್ಯಾಮೆರಾ ಇಲ್ಲವೆಂದರೆ ಐಸೊಬಸ್ಟರ್ ತಂತ್ರಾಂಶ ಇಂಥ ಡಿಸ್ಕಿನೊಳಗಿನ ವಿಡಿಯೊವನ್ನು ಹುಡುಕಿ ತೋರಿಸಬಲ್ಲದು.