ಮಂಡಿನೋವಿರುವ ತಾಯಿಯೊಂದಿಗೆ ಫೆತಿಯೆ: ಯಾವ ಕಡಲತೀರ, ಯಾವ ಕಣಿವೆ?

ಸೆಪ್ಟೆಂಬರಿನಲ್ಲಿ ತಂದೆತಾಯಿಯರೊಂದಿಗೆ ಟರ್ಕಿಯ ಫೆತಿಯೆಯಲ್ಲಿ ಐದು ದಿನ ತಂಗುವುದಾಗಿಯೂ, ತಾಯಿಯವರಿಗೆ ಮಂಡಿನೋವಿರುವುದರಿಂದ ಸುತ್ತಲಿನ ಯಾವ ಕಡಲತೀರಗಳನ್ನು, ನಿಸರ್ಗತಾಣಗಳನ್ನು ಆರಿಸಿಕೊಳ್ಳಬೇಕೆಂದೂ ಕೇಳಿದ್ದೀರಿ. ಇದೇ ತಿಂಗಳಲ್ಲಿ ನನ್ನ ಅತ್ತೆಯವರನ್ನು ಕರೆದುಕೊಂಡು ನಾನು ಅಲ್ಲಿ ಒಂದು ವಾರ ಇದ್ದೆ. ಆ ಅನುಭವದಿಂದ ಹೇಳುವುದಾದರೆ, ಉಳಿದುದೆಲ್ಲ ತಪ್ಪಿದರೂ ಒಂದು ಇಡೀ ದಿನವನ್ನು ದಾಲ್ಯಾನ್ ಬಳಿಯ ಇಜ್ತುಜು ತೀರಕ್ಕೆ ಮೀಸಲಿಡಿ.

ಫೆತಿಯೆಯಿಂದ ದಾಲ್ಯಾನಿಗೆ ರಸ್ತೆಯಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಬೇಕು. ಅಲ್ಲಿ ದೋಣಿ ಹತ್ತಿದರೆ ನಡೆಯುವ ಕಷ್ಟವಿಲ್ಲ. ದೋಣಿಯು ಎತ್ತರದ ಜೊಂಡಿನ ನಡುವಿನ ಕವಲುಗಳಲ್ಲಿ ಸಾಗುತ್ತದೆ, ಬಂಡೆಯ ಮೈಯಲ್ಲಿ ಗುಡಿಯ ಮುಂಭಾಗದಂತೆ ಕೊರೆದ ಪ್ರಾಚೀನ ಕೌನೋಸ್ ನಗರದ ಸಮಾಧಿಗಳು ಕುಳಿತಲ್ಲಿಂದಲೇ ಕಾಣುತ್ತವೆ. ಕೊನೆಗೆ ಸಿಗುವ ಇಜ್ತುಜು ಸುಮಾರು 4.5 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಅದರ ಒಂದು ಬದಿಗೆ ಮೆಡಿಟರೇನಿಯನ್ ಸಮುದ್ರ, ಇನ್ನೊಂದು ಬದಿಗೆ ನದೀಮುಖ. ಕ್ಯಾರೆಟ್ಟಾ ಜಾತಿಯ ಕಡಲಾಮೆಗಳು ಮೊಟ್ಟೆಯಿಡುವ ಈ ತೀರದಲ್ಲಿ 1980ರ ದಶಕದಲ್ಲಿ ಹೋಟೆಲ್ ಕಟ್ಟುವ ಯೋಜನೆ ಬಂದಾಗ, ಅಲ್ಲೇ ಗುಡಿಸಲಿನಲ್ಲಿದ್ದ ಬ್ರಿಟಿಷ್ ಮಹಿಳೆ ಜೂನ್ ಹೈಮೋಫ್ ಮತ್ತು ಇತರ ಪರಿಸರಪ್ರಿಯರು ಹೋರಾಡಿ ಅದನ್ನು ನಿಲ್ಲಿಸಿದರು. 1988ರಲ್ಲಿ ಈ ಪ್ರದೇಶಕ್ಕೆ ವಿಶೇಷ ರಕ್ಷಣೆ ದೊರೆಯಿತು. ಹೊನ್ನಾವರದ ಕಾಸರಕೋಡಿನಲ್ಲಿ ಆಮೆಗೂಡುಗಳ ಸುತ್ತ ಬೇಲಿ ಕಟ್ಟುವುದನ್ನು ಕಂಡಿದ್ದ ನನಗೆ ಆ ಖಾಲಿ ತೀರವನ್ನು ನೋಡಿ ಕಣ್ಣು ತುಂಬಿ ಬಂದಿತು.

ಮೊಟ್ಟೆಯೊಡೆಯಲು ಸುಮಾರು ಎರಡು ತಿಂಗಳು ಹಿಡಿಯುವುದರಿಂದ ಸೆಪ್ಟೆಂಬರಿನಲ್ಲೂ ಮರಳಿನಡಿ ಮರಿಗಳಿರಬಹುದು. ಆದ್ದರಿಂದ ಗೂಟಗಳಿಂದ ಗುರುತಿಸಿದ ಭಾಗದಲ್ಲಿ ಛತ್ರಿ ನೆಡಬೇಡಿ, ಹಾಸಿಗೆ ಹರಡಬೇಡಿ. ಹೊರಬಂದ ಮರಿಗಳು ಬೆಳಕಿನ ಜಾಡು ಹಿಡಿದು ನೀರಿನತ್ತ ಸಾಗುತ್ತವೆ. ದೀಪಗಳು ಅವುಗಳ ದಾರಿ ತಪ್ಪಿಸುತ್ತವೆ. ರಾತ್ರಿ ತೀರವನ್ನು ಮುಚ್ಚುವುದು ಇದಕ್ಕಾಗಿಯೇ.

ಓಲುದೆನಿಜ್ ಹತ್ತಿರದಲ್ಲೇ ಇದೆ, ದೊಲ್ಮುಶ್ ಎಂಬ ಸಣ್ಣ ಬಸ್ಸುಗಳು ಆಗಾಗ ಸಿಗುತ್ತವೆ. ಅಲ್ಲಿನ ದೊಡ್ಡ ತೀರದಲ್ಲಿ ಉರುಟು ಕಲ್ಲುಗಳಿವೆ, ನೀರು ಬೇಗನೆ ಆಳವಾಗುತ್ತದೆ. ತಾಯಿಯವರಿಗೆ ಹಿನ್ನೀರಿನ ಭಾಗವೇ ಸೂಕ್ತ. ಅದಕ್ಕೆ ಪ್ರವೇಶಶುಲ್ಕವಿದೆ, ಆದರೆ ನೀರು ಕೆರೆಯಂತೆ ಶಾಂತವಾಗಿರುತ್ತದೆ. ನಮ್ಮ ಕರಾವಳಿಯಂತೆ ಭರತ, ಇಳಿತಗಳ ದೊಡ್ಡ ವ್ಯತ್ಯಾಸವೂ ಈ ಸಮುದ್ರದಲ್ಲಿಲ್ಲ. ಪಕ್ಕದ 1969 ಮೀಟರ್ ಎತ್ತರದ ಬಾಬಾದಾಗ್ ಬೆಟ್ಟಕ್ಕೆ ಕೇಬಲ್ ಕಾರ್ ಇರುವುದರಿಂದ ಮೇಲಿನಿಂದ ಇಡೀ ಕರಾವಳಿಯನ್ನು ಅವರೂ ನೋಡಬಹುದು.

ಸಾಕ್ಲಿಕೆಂಟ್ ಕಮರಿಯಲ್ಲಿ ಬಂಡೆಗೆ ತಾಗಿಸಿ ಕಟ್ಟಿದ ಮರದ ಹಾದಿಯ ತನಕ ಎಲ್ಲರೂ ಹೋಗಿ, ಹಿರಿಯರು ಅಲ್ಲಿಯೇ ಚಹಾ ಕುಡಿಯುತ್ತ ಕುಳಿತಿರಲಿ. ಮುಂದೆ ಕೊರೆಯುವಷ್ಟು ತಣ್ಣನೆಯ, ಸೆಳೆತವಿರುವ ನೀರನ್ನು ದಾಟಬೇಕು, ಕಾಲಡಿ ಜಾರುವ ಕಲ್ಲುಗಳಿರುತ್ತವೆ. ಪತಾರಾ ತೀರ ಬಹು ಸುಂದರವಾದರೂ ನೆರಳು ಕಡಿಮೆ, ಬಿಸಿ ಮರಳಿನ ನಡಿಗೆ ಹೆಚ್ಚು. ಈ ಸಲ ಬಿಡಿ.

ಚಿಟ್ಟೆಗಳ ಕಣಿವೆಗೆ ಓಲುದೆನಿಜಿನಿಂದ ದೋಣಿಯಲ್ಲಿ ಮಾತ್ರ ಹೋಗಿ. ಕಣಿವೆಯ ಮೇಲಿರುವ ಫರಾಲ್ಯ ಹಳ್ಳಿಯಿಂದ ಹಗ್ಗ ಹಿಡಿದು ಇಳಿಯುವ ಕಡಿದಾದ ಕಾಲುದಾರಿಯಲ್ಲಿ ಜೀವಗಳು ಹೋಗಿವೆ, ನೀವೊಬ್ಬರೇ ಇದ್ದರೂ ಅತ್ತ ಹೋಗಬೇಡಿ.