ಕಾನ್ಸಾಸ್‌ಗಾಗಿ ಅಷ್ಟು ಜಗಳವೇಕೆ?
1850ರ ದಶಕದಲ್ಲಿ, ಇನ್ನೂ ರಾಜ್ಯವಾಗಿರದ ಕಾನ್ಸಾಸ್‌ ಪ್ರದೇಶದಲ್ಲಿ ಗುಲಾಮರು ತೀರ ಕಡಿಮೆಯಿದ್ದರೂ ಅಮೆರಿಕ ಅದಕ್ಕಾಗಿ ಇಬ್ಭಾಗವಾದದ್ದೇಕೆ ಎಂದು ಕೇಳಿದ್ದೀರಿ. ಜಗಳ ಅಲ್ಲಿನ ಗುಲಾಮರ ಸಂಖ್ಯೆಗಿಂತ ಹೆಚ್ಚಾಗಿ, ಪ್ರತಿ ಹೊಸ ರಾಜ್ಯಕ್ಕೂ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಸಿಗುತ್ತಿದ್ದ ಎರಡು ಸ್ಥಾನಗಳದ್ದು: ಅವು ಗುಲಾಮಗಿರಿಯಿದ್ದ ದಕ್ಷಿಣದ ಪಾಲಾಗಬೇಕೋ, ಅದಿಲ್ಲದ ಉತ್ತರದ ಪಾಲಾಗಬೇಕೋ ಎಂಬುದು. 1820ರ ಒಪ್ಪಂದವು ಪಶ್ಚಿಮದ ಪ್ರದೇಶದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ, ಮಿಸ್ಸೌರಿಯೊಂದನ್ನು ಬಿಟ್ಟು, ಗುಲಾಮಗಿರಿಯನ್ನು ನಿಷೇಧಿಸಿತ್ತು. 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ತಂದ ಕಾಯ್ದೆ ಆ ಗೆರೆಯನ್ನು ಅಳಿಸಿ, ತೀರ್ಮಾನವನ್ನು ಅಲ್ಲಿ ನೆಲೆಸುವವರ ಮತಕ್ಕೆ ಬಿಟ್ಟಿತು. ಕೇಳಲು ಪ್ರಜಾಸತ್ತೆಯೇ ಸರಿ, ಆದರೆ 1855ರ ಚುನಾವಣೆಯಲ್ಲಿ, ಗುಲಾಮಗಿರಿಯಿದ್ದ ನೆರೆಯ ಮಿಸ್ಸೌರಿಯ ಸಾವಿರಾರು ಜನ ಗಡಿ ದಾಟಿ ಬಂದು ಮತ ಹಾಕಿದರು. ಮಾತಿನ ಕಾಲ ಮುಗಿದದ್ದು, ನನ್ನ ದೃಷ್ಟಿಯಲ್ಲಿ, 1856ರ ಮೇ 22ರಂದು: ಕಾನ್ಸಾಸ್ ಕುರಿತು ಕಟುವಾಗಿ ಮಾತನಾಡಿದ್ದ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ದಕ್ಷಿಣದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಸಭಾಂಗಣದಲ್ಲೇ ಬೆತ್ತ ಮುರಿಯುವಂತೆ ಥಳಿಸಿದಾಗ, ಸಮ್ನರ್ ನೆಲಕ್ಕೆ ಬಿಗಿದಿದ್ದ ಮೇಜನ್ನೇ ಕಿತ್ತುಕೊಂಡು ಎದ್ದರು. ದಕ್ಷಿಣದ ಅಭಿಮಾನಿಗಳು ಬ್ರೂಕ್ಸ್‌ಗೆ ಹೊಸ ಬೆತ್ತಗಳನ್ನು ಕಳುಹಿಸಿಕೊಟ್ಟರು.